ಆಪ್ಷನ್ ಎಂಟ್ರಿಗೂ ಮೊದಲು: ಗೆಳೆಯ ಬಸುಗೊಂದು ಪತ್ರ

ಪ್ರೀತಿಯ ಬಸು,

ಸಹನಾಳ ನೀಟ್ ರ‍್ಯಾಂಕ್ ಕೇಳಿ ನಮ್ಮ ಮನೆಯಲ್ಲಿ ಎಲ್ಲರಿಗೂ ಖುಷಿಯಾಗಿದೆ. ಸಾವಳಗಿಯ ಕನ್ನಡ ಶಾಲೆಯಲ್ಲಿ ಕಲಿತ ಹುಡುಗಿ ಎಂಬಿಬಿಎಸ್‌ಗೆ ಹೊರಟಿದ್ದಾಳೆ ಅಂದರೆ ಸಣ್ಣ ಮಾತಲ್ಲ. ಅವಳಿಗೂ ವೈನಿಗೂ ನನ್ನ ಅಭಿನಂದನೆ ಹೇಳು. ಆದರೆ ಸರ್ಕಾರಿ ಸೀಟು ಸಿಗುವ ಹಾಗಿದ್ದರೂ ಎರಡೆಕರೆ ಕಬ್ಬಿನ ಹೊಲ ಮಾರಿ ಡೀಮ್ಡ್ ಕಾಲೇಜಿಗೆ (ವಿಶ್ವವಿದ್ಯಾಲಯದ ಸ್ಥಾನ ಪಡೆದ ಖಾಸಗಿ ಸಂಸ್ಥೆಯ ಕಾಲೇಜಿಗೆ) ಹಾಕ್ತೀನಿ ಅಂದೆಯಲ್ಲ, ಅದು ನನ್ನ ತಲೆಯಿಂದ ಹೋಗುತ್ತಿಲ್ಲ. ಫೋನಿನಲ್ಲಿ ಪೂರ್ತಿ ಮಾತಾಡಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೊಲ ಮಾರಬೇಡ.

ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು 1963ರದ್ದು. ವಿಜಯಪುರದ ಬಿಎಲ್‌ಡಿಇಯವರ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜು 1986ರದ್ದು. ಎರಡೂ ಒಳ್ಳೆಯ ಡೀಮ್ಡ್ ಕಾಲೇಜುಗಳು, ಅದರಲ್ಲಿ ಎರಡು ಮಾತಿಲ್ಲ. ಅನುಕೂಲ ಇದ್ದವರು ಧಾರಾಳವಾಗಿ ಸೇರಲಿ. ಆದರೆ ಡೀಮ್ಡ್ ಸೀಟಿನ ಫೀಸು ವರ್ಷ ವರ್ಷವೂ ಲಕ್ಷಗಟ್ಟಲೆ. ಅದು ನಾಲ್ಕೂವರೆ ವರ್ಷದ ಓದು, ಮೇಲೊಂದು ವರ್ಷ ಇಂಟರ್ನ್‌ಶಿಪ್. ಅಲ್ಲಿಗೂ ಮುಗಿಯುವುದಿಲ್ಲ. ಈಗಿನ ಹುಡುಗರಲ್ಲಿ ಬರೀ ಎಂಬಿಬಿಎಸ್‌ಗೆ ನಿಲ್ಲುವವರು ಕಡಿಮೆ. ನೀಟ್ ಪಿಜಿಗೆ, ಅಂದರೆ ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ಓದಲು ಒಂದೆರಡು ವರ್ಷ ಮನೆಯಲ್ಲಿ ಕೂರಬೇಕಾಗಬಹುದು, ಆಮೇಲೆ ಎಂಡಿ, ಎಂಎಸ್ ಫೀಸು. ಆಗ ಕೈಯಲ್ಲಿ ಹೊಲವೂ ಇಲ್ಲ, ದುಡ್ಡೂ ಇಲ್ಲ ಅಂದರೆ ಸಹನಾ ಏನು ಮಾಡಬೇಕು?

ಓದಿನ ವಿಷಯಕ್ಕೆ ಬಂದರೆ ಪಠ್ಯ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ. ರಾಷ್ಟ್ರೀಯ ವೈದ್ಯಕೀಯ ಆಯೋಗ ಹಾಕಿದ ಚೌಕಟ್ಟು ಎಲ್ಲರಿಗೂ ಅನ್ವಯ. ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಯಾವ ಊರಿಗೆ ಹೋದರೂ ಅಷ್ಟೇ. ಡೀಮ್ಡ್ ಕಾಲೇಜುಗಳು ತಮ್ಮ ಪರೀಕ್ಷೆ ತಾವೇ ನಡೆಸುತ್ತವೆ. ಬೆಳಗಾವಿಯ ಸರ್ಕಾರಿ ಮೆಡಿಕಲ್ ಕಾಲೇಜು ಬಿಮ್ಸ್, ಬಾಗಲಕೋಟೆಯ ನಿಜಲಿಂಗಪ್ಪ ಮೆಡಿಕಲ್ ಕಾಲೇಜು ಇವೆಲ್ಲ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪರೀಕ್ಷೆಗೆ ಬರುತ್ತವೆ. ಡಿಗ್ರಿಯ ಬೆಲೆಯಲ್ಲಿ ಮೇಲು ಕೀಳು ಇಲ್ಲ.

ವ್ಯತ್ಯಾಸ ಕಾಣುವುದು ವಾರ್ಡಿನಲ್ಲಿ. ನಾನು ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಓದಿದವನು. ಆ ಆಸ್ಪತ್ರೆಗೆ ಉತ್ತರ ಕರ್ನಾಟಕದ ಎಲ್ಲ ಮೂಲೆಯಿಂದ ರೋಗಿಗಳು ಬರುತ್ತಿದ್ದರು. ಹಾವು ಕಚ್ಚಿದವರು, ಎಣ್ಣೆ ಕುಡಿದವರು (ಹೊಲಕ್ಕೆ ಹೊಡೆಯುವ ಎಣ್ಣೆ), ಕಬ್ಬಿನ ಸೀಸನ್ನಿನಲ್ಲಿ ಟ್ರ್ಯಾಕ್ಟರ್ ಕೆಳಗೆ ಸಿಕ್ಕವರು. ರಾತ್ರಿ ಕ್ಯಾಶುವಾಲ್ಟಿಯಲ್ಲಿ ನಿಂತು ಕಲಿತದ್ದೇ ಇವತ್ತಿಗೂ ಮುಧೋಳದಲ್ಲಿ ನನ್ನ ಕೈ ಹಿಡಿಯುತ್ತಿದೆ. ಕೀಟನಾಶಕ ಕುಡಿದವನಿಗೆ ವಿಷಕ್ಕೆ ಕೊಡುವ ಮದ್ದು ಅಟ್ರೋಪಿನ್ ಎಷ್ಟು ಹಾಕಬೇಕು, ಯಾವಾಗ ನಿಲ್ಲಿಸಬೇಕು ಅನ್ನುವುದು ಪುಸ್ತಕದಲ್ಲಿದೆ. ಆದರೆ ಅವನ ಎದೆಗೆ ಸ್ಟೆಥೋಸ್ಕೋಪ್ ಇಟ್ಟು ರಾತ್ರಿಯಿಡೀ ಪಕ್ಕದಲ್ಲಿ ಕೂತಾಗಲೇ ಅದು ಗೊತ್ತಾಗುವುದು. ರೋಗಿಗಳು ಜಾಸ್ತಿ ಬರುವ ಆಸ್ಪತ್ರೆಯೇ ಒಳ್ಳೆಯ ಕಾಲೇಜು. ಇದು ನನ್ನ ಗಟ್ಟಿ ಅಭಿಪ್ರಾಯ.

ಅದಕ್ಕೇ ಹುಬ್ಬಳ್ಳಿಗೆ ರ‍್ಯಾಂಕ್ ಸಾಲುವ ಹಾಗಿದ್ದರೆ ಅದು ಮೊದಲು. ಆಮೇಲೆ ಬೆಳಗಾವಿಯ ಬಿಮ್ಸ್. ಜಿಲ್ಲಾಸ್ಪತ್ರೆಗೆ ಅಂಟಿಕೊಂಡ ಕಾಲೇಜು ಅದು, ಬಡವರು ಬರುವ ಜಾಗ. ಮರಾಠಿ ಮಾತಾಡುವ ರೋಗಿಗಳೂ ಬರುತ್ತಾರೆ, ಸಹನಾ ಒಂದಿಷ್ಟು ಮರಾಠಿ ಕಲಿತರೆ ಒಳ್ಳೆಯದೇ. ಮೂರನೆಯದು ಬಾಗಲಕೋಟೆಯ ಖಾಸಗಿ ಕಾಲೇಜು, ಸರ್ಕಾರಿ ಕೋಟಾದ (ಖಾಸಗಿ ಕಾಲೇಜಿನಲ್ಲಿ ಸರ್ಕಾರ ಹಂಚುವ) ಸೀಟು ಸಿಕ್ಕರೆ ಮಾತ್ರ. ಬಿವಿವಿ ಸಂಘದವರು 2002ರಲ್ಲಿ ಶುರು ಮಾಡಿದ ಕಾಲೇಜು, ಜೊತೆಗೆ ಕುಮಾರೇಶ್ವರ ಆಸ್ಪತ್ರೆ ಇದೆ. ಸರ್ಕಾರಿ ಕಾಲೇಜಿಗಿಂತ ಫೀಸು ಜಾಸ್ತಿಯೇ, ಆದರೂ ಡೀಮ್ಡ್ ಸೀಟಿಗೆ ಹೋಲಿಸಿದರೆ ತುಂಬಾ ಕಡಿಮೆ.

ದೂರದ ಜಿಲ್ಲೆಯ ಹೊಸ ಸರ್ಕಾರಿ ಕಾಲೇಜಿಗಿಂತ ಬಾಗಲಕೋಟೆಯನ್ನೇ ನಾನು ಮೇಲೆ ಇಡುತ್ತೇನೆ. ಹೊಸ ಕಾಲೇಜಿನಲ್ಲಿ ಸೀನಿಯರ್‌ಗಳು ಕಡಿಮೆ, ಪಿಜಿಗಳು (ಎಂಡಿ, ಎಂಎಸ್ ಓದುವವರು) ಇನ್ನೂ ಕಡಿಮೆ. ರಾತ್ರಿ ಹೊತ್ತು ವಿದ್ಯಾರ್ಥಿಗಳಿಗೆ ಕಲಿಸುವವರು ಪಿಜಿಗಳೇ ಅಲ್ವಾ? ಇನ್ನೊಂದು ಮಾತು, ಊರಿಗೆ ಬಂದು ಹೋಗುವುದು. ಬಾಗಲಕೋಟೆಯಿಂದ ಜಮಖಂಡಿ ಬಸ್ ಹಿಡಿದರೆ ಶನಿವಾರ ರಾತ್ರಿ ಊಟಕ್ಕೆ ಅವಳು ಮನೆಯಲ್ಲಿರುತ್ತಾಳೆ. ಮೊದಲ ವರ್ಷ ಹುಡುಗರು ತುಂಬಾ ಕುಗ್ಗುತ್ತಾರೆ ಬಸು. ಪಿಯುಸಿಯಲ್ಲಿ ಮುಂದಿದ್ದವರೆಲ್ಲ ಒಂದೇ ಕ್ಲಾಸಿನಲ್ಲಿ ಕೂತಾಗ ಯಾರೋ ಒಬ್ಬರು ಹಿಂದೆ ಬೀಳಲೇಬೇಕು. ಕನ್ನಡ ಶಾಲೆಯಿಂದ ಬಂದವರಿಗೆ ಇಂಗ್ಲಿಷಿನ ಭಯ ಬೇರೆ. ಅಂಥ ಹೊತ್ತಿನಲ್ಲಿ ಅಮ್ಮನ ಹತ್ತಿರ ಎರಡು ದಿನ ಇದ್ದು ಬರುವುದಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ.

ಅದೇ ಕನ್ನಡ ವಾರ್ಡಿನಲ್ಲಿ ಅವಳಿಗೆ ದೊಡ್ಡ ಬಲ. ‘ಹೊಟ್ಟಿ ಕಡಿತೈತ್ರಿ’ ಅಂದ ಅಜ್ಜಿಯನ್ನು ಅವಳು ಸಲೀಸಾಗಿ ಮಾತಾಡಿಸುತ್ತಾಳೆ. ಈಗ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯ ನೋಡಿಕೊಳ್ಳಬೇಕು, ಅದು ಪಠ್ಯದಲ್ಲೇ ಇದೆ. ನಮ್ಮ ಕಡೆಯ ಮನೆಗಳಲ್ಲಿ ಅವಳಿಗಿಂತ ಚೆನ್ನಾಗಿ ಆ ಕೆಲಸ ಯಾರು ಮಾಡುತ್ತಾರೆ?

ಕೊಪ್ಪಳ, ರಾಯಚೂರು ಆದರೂ ಸಿಗಬಹುದಲ್ಲ ಅಂತ ಕೇಳಿದ್ದೆ. ಅವು ಕಲ್ಯಾಣ ಕರ್ನಾಟಕಕ್ಕೆ ಸೇರಿದವು. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಅಲ್ಲಿನ ಹೆಚ್ಚಿನ ಸೀಟು ಅಲ್ಲಿಯವರಿಗೇ. ನಮ್ಮ ಜಿಲ್ಲೆ ಅದರಲ್ಲಿ ಬರುವುದಿಲ್ಲ. ಲಿಸ್ಟಿನಲ್ಲಿ ಹಾಕು, ನೆಚ್ಚಿಕೊಂಡು ಕೂರಬೇಡ.

ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ತುಂಬುವಾಗ, ಲೆಕ್ಕಾಚಾರ ಬೇಡ. ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಅವಳ ರ‍್ಯಾಂಕ್ ಬಂದಾಗ ಲಿಸ್ಟಿನ ಮೇಲಿನಿಂದ ನೋಡುತ್ತಾ ಬರುತ್ತದೆ. ನಿಜವಾಗಿ ಬೇಕಾದ ಕಾಲೇಜನ್ನು ಮೇಲೆ ಹಾಕಿದರೆ ನಷ್ಟ ಇಲ್ಲ. ಸಿಕ್ಕರೂ ಸೇರುವುದಿಲ್ಲ ಅನ್ನುವ ಕಾಲೇಜನ್ನು ಮಾತ್ರ ಸುಮ್ನೆ ತುಂಬಬೇಡಿ. ಫೀಸಿನ ಕಾಲಂ ಕಣ್ಣಿಟ್ಟು ನೋಡು: ಒಂದೇ ಖಾಸಗಿ ಕಾಲೇಜು ಸರ್ಕಾರಿ ಕೋಟಾಕ್ಕೆ ಒಂದು ಫೀಸು, ಖಾಸಗಿ ಕೋಟಾಕ್ಕೆ ಇನ್ನೊಂದು ಫೀಸಿನಲ್ಲಿ ಕಾಣುತ್ತದೆ. ಅವಸರದಲ್ಲಿ ಅದೇ ತಪ್ಪುವುದು. ಸೀಟು ಕೊಡಿಸ್ತೀನಿ ಅನ್ನುವ ಆ ಏಜೆಂಟನ ಫೋನ್ ಎತ್ತಲೇಬೇಡ.

ಒಂದು ಸಲ ಕಾಲೇಜುಗಳನ್ನು ಕಣ್ಣಾರೆ ನೋಡೋಣ. ಭಾನುವಾರ ಬೇಡ, ಸೋಮವಾರ ಬೆಳಿಗ್ಗೆ ಓಪಿಡಿ ತುಂಬಿರುವಾಗ. ಇಂಟರ್ನ್‌ಗಳನ್ನು ಹೊರಗೆ ಚಹಾ ಅಂಗಡಿಯಲ್ಲಿ ಹಿಡಿದು ಕೇಳೋಣ, ಹೆರಿಗೆ ನೀವೇ ಮಾಡಿಸಿದ್ದೀರಾ, ಹೊಲಿಗೆ ಹಾಕಲು ಬಿಡುತ್ತಾರಾ, ಸ್ಟೈಪೆಂಡ್ ಸರಿಯಾಗಿ ಬರುತ್ತದಾ ಅಂತ. ಹುಡುಗಿಯರ ಹಾಸ್ಟೆಲಿನಿಂದ ಕ್ಯಾಶುವಾಲ್ಟಿಗೆ ಎಷ್ಟು ದೂರ, ಆ ದಾರಿಯಲ್ಲಿ ರಾತ್ರಿ ಲೈಟ್ ಇರುತ್ತದಾ ಅನ್ನುವುದನ್ನು ವೈನಿಯೇ ನಡೆದು ನೋಡಲಿ. ಎರಡು ಗಂಟೆ ರಾತ್ರಿಗೆ ಡ್ಯೂಟಿಗೆ ಕರೆ ಬಂದಾಗ ಸಹನಾ ಅದೇ ದಾರಿಯಲ್ಲಿ ಹೋಗಬೇಕು.

ಅಷ್ಟರೊಳಗೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಸರ್ಟಿಫಿಕೇಟು ಶಾಲೆಯಿಂದ ಬರೆಸಿ ಬಿಇಒ ಸಹಿ ಹಾಕಿಸಿಡು. ಆ ಎರಡು ಮೀಸಲಾತಿಯೂ ಅವಳಿಗೆ ಸಲ್ಲಬೇಕು. ಬರುವ ಸೋಮವಾರ ನಾನು ರಜೆ ಹಾಕುತ್ತೇನೆ. ನೀವು ಮೂವರೂ ಮುಧೋಳಕ್ಕೆ ಬನ್ನಿ, ಇಲ್ಲಿಂದ ನನ್ನ ಕಾರಿನಲ್ಲೇ ಬಾಗಲಕೋಟೆಗೆ ಹೋಗೋಣ. ಬೆಳಗಾವಿಗೆ ಆ ವಾರದಲ್ಲೇ ಇನ್ನೊಂದು ದಿನ.

ನಿನ್ನ ಗೆಳೆಯ,
ಶಿವು