ನನ್ನ 43ನೇ ದಿನ

ಹೆರಿಗೆಯಾದ 42 ದಿನದೊಳಗೆ, ಅದಕ್ಕೆ ಸಂಬಂಧಪಟ್ಟ ಕಾರಣಕ್ಕೆ ಹೆಂಗಸು ತೀರಿಕೊಂಡರೆ ಅದನ್ನು ತಾಯಿ ಮರಣ ಅಂತ ಲೆಕ್ಕಕ್ಕೆ ಹಿಡಿಯುತ್ತಾರೆ. ನಿನ್ನೆಗೆ ನನ್ನ 42 ಮುಗಿಯಿತು. ಮನೆಯಲ್ಲಿ ಯಾರಿಗೂ ಹೇಳದೆ ಒಬ್ಬಳೇ ದಿನ ಎಣಿಸುತ್ತಿದ್ದೆ. ಇನ್ನು ಬರೆಯಬಹುದು ಅನ್ನಿಸಿತು.

ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಸಾವಿನ ಅಂಚಿಗೆ ಹೋಗಿ ಬಂದೆ. ಆ ರಾತ್ರಿಯ ಕಥೆ ಪೂರ್ತಿ ಹೇಳುವುದಿಲ್ಲ. ಫೋನ್ ಹೋದ ಕೂಡಲೇ ಬಂದು ರಕ್ತ ಕೊಟ್ಟ ಗೆಳೆಯರು, ಮಗುವನ್ನು ಎದೆಗವಚಿಕೊಂಡು ಬೆಳಗು ಮಾಡಿದ ಅಮ್ಮ, ಫಾರ್ಮುಗಳ ಮೇಲೆ ನಡುಗುವ ಕೈಯಲ್ಲಿ ಸಹಿ ಹಾಕಿದ ನನ್ನ ಗಂಡ, ನನ್ನ ಕೆಲಸ ಹಂಚಿಕೊಂಡ ಆಫೀಸಿನವರು, ಎಲ್ಲರಿಗೂ ಋಣಿ. ಒಂದೇ ಸಾಲಲ್ಲಿ ಮುಗಿಸಿದಳು ಅಂತ ಬೇಜಾರಾಗಬೇಡಿ. ಉಳಿದ ಜಾಗ ಆವತ್ತು ನೈಟ್ ಡ್ಯೂಟಿಯಲ್ಲಿದ್ದ ಸಿಸ್ಟರ್‌ಗೆ ಬೇಕು. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ.

ಹೆರಿಗೆಯಾಗಿ ಒಂದು ಗಂಟೆ ಆಗಿತ್ತೇನೋ. ಮಗು ಮಲಗಿತ್ತು. ನನಗೆ ತಡೆಯಲಾರದ ಚಳಿ. ‘ಯಾಕೋ ಸರಿ ಇಲ್ಲ’ ಅಂದೆ. ಹೆರಿಗೆ ಅಂದ್ಮೇಲೆ ರಕ್ತ ಹೋಗೇ ಹೋಗುತ್ತೆ, ಸುಸ್ತೂ ಆಗುತ್ತೆ ಅಂತ ಒಬ್ಬರು ಅದಾಗಲೇ ಹೇಳಿ ಹೋಗಿದ್ದರು. ನಾನೂ ನಂಬಿದ್ದೆ. ಸಿಸ್ಟರ್ ಮಾತ್ರ ಹೊದಿಕೆ ಎತ್ತಿ ನೋಡಿದರು. ನೋಡಿ ಅಂದಾಜು ಮಾಡಲಿಲ್ಲ. ಒದ್ದೆಯಾದ ಪ್ಯಾಡುಗಳನ್ನೆಲ್ಲ ಒಟ್ಟುಮಾಡಿ ತಕ್ಕಡಿಗೆ ಹಾಕಿದರು. ಒಣ ಪ್ಯಾಡುಗಳ ತೂಕ ಕಳೆದರು. ಒಂದು ಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಎಂ.ಎಲ್. ರಕ್ತ. ‘ಏಳುನೂರು ದಾಟಿದೆ’ ಅಂತ ಕೂಗಿ ಬೆಲ್ ಒತ್ತಿದರು. 500 ದಾಟಿದರೇ ಅಪಾಯ ಅಂತ ನನಗೆ ಆಗ ಗೊತ್ತಿರಲಿಲ್ಲ.

ಆಮೇಲೆ ನನ್ನ ಹೊಟ್ಟೆಯ ಮೇಲೆ ಕೈ ಊರಿ ಗರ್ಭಕೋಶವನ್ನು ತಿಕ್ಕತೊಡಗಿದರು. ಮಗು ಹೊರಬಂದ ಮೇಲೆ ಅದು ಬಿಗಿದು ಗಟ್ಟಿಯಾಗಬೇಕು, ಆಗಲೇ ಒಳಗಿನ ರಕ್ತನಾಳಗಳ ಬಾಯಿ ಮುಚ್ಚುವುದು. ನನ್ನದು ಗಾಳಿ ಹೋದ ಚೆಂಡಿನ ಹಾಗೆ ಮೆತ್ತಗೆ ಕೂತಿತ್ತು. ನೋವಿಗೆ ಅವರ ಕೈ ತಳ್ಳಿದೆ, ಬೈದೆ ಕೂಡ. ‘ಬೈಯಮ್ಮ, ಎಷ್ಟು ಬೇಕಾದರೂ ಬೈ. ಕಣ್ಣು ಮಾತ್ರ ಮುಚ್ಚಬೇಡ’ ಅಂದರು. ಕೈ ತೆಗೆಯಲಿಲ್ಲ. ಡಾಕ್ಟರು ಓಡಿ ಬಂದರು, ಔಷಧಿಗಳು ಹೋದವು, ರಕ್ತ ಏರಿಸಿದರು, ಉಳಿದುಕೊಂಡೆ.

ಬೆಳಿಗ್ಗೆ ಅವರ ಡ್ಯೂಟಿ ಮುಗಿದಿತ್ತು, ಹೋಗಲಿಲ್ಲ. ಸ್ಟೂಲಿನ ಮೇಲೆ ಕೂತು ನನ್ನ ಬಿ.ಪಿ. ಬರೆಯುತ್ತಿದ್ದರು. ಬಲಗೈ ಸೋತು ನಡುಗುತ್ತಿತ್ತು. ಎಡಗೈಯಿಂದ ಬಲಮಣಿಕಟ್ಟು ಹಿಡಿದುಕೊಂಡು ಬರೆಯುತ್ತಿದ್ದರು. ನನಗೆ ಎಚ್ಚರವಾದಾಗ ಮೊದಲು ಕಂಡದ್ದು ಅದು.

ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಅನ್ನುವ ಔಷಧಿಯನ್ನು ಹೆರಿಗೆಯಾದ 3 ಗಂಟೆಯೊಳಗೆ ಕೊಡಬೇಕಂತೆ. ತಡವಾದಷ್ಟೂ ಪ್ರಯೋಜನ ಕಡಿಮೆ. ಬರೀ ಸುಸ್ತು ಅಂದುಕೊಂಡು ನಾನು ಮಲಗಿಬಿಟ್ಟಿದ್ದರೆ? 2023ರಲ್ಲಿ ಪ್ರಪಂಚದಲ್ಲಿ ಸುಮಾರು 2,60,000 ಹೆಂಗಸರು ಬಸಿರು, ಹೆರಿಗೆಯ ಕಾರಣಕ್ಕೆ ಸತ್ತರು. ಅವರಲ್ಲಿ ಎಷ್ಟು ಜನ ‘ಯಾಕೋ ಸರಿ ಇಲ್ಲ’ ಅಂದಿದ್ದರೋ. ಯಾರು ಕೇಳಿಸಿಕೊಂಡರು? ಮಗು ಹಾಲು ಕುಡಿಯುವಾಗ ಇದು ನೆನಪಾಗಿ ಸಿಟ್ಟು ಬರುತ್ತದೆ. ಅಳು ಬರುತ್ತದೆ. ನಾನು ಬದುಕಿ ಉಳಿದದ್ದಕ್ಕೆ ನಾಚಿಕೆಯೂ ಆಗುತ್ತದೆ, ಯಾಕೆ ಅಂತ ಗೊತ್ತಿಲ್ಲ.

ಇರಲಿ. ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ 80 ಆಸ್ಪತ್ರೆಗಳಲ್ಲಿ ಮಾಡಿದ ಅಧ್ಯಯನವೊಂದು 2023ರಲ್ಲಿ ಬಂದಿದೆ. ಗೆರೆ ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ರಕ್ತ ಅಳೆದು, ಒಂದು ಔಷಧಿ ಫಲಿಸಲಿ ಅಂತ ಕಾಯದೆ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೇ ಕೊಟ್ಟರು. ತೀವ್ರ ರಕ್ತಸ್ರಾವ, ಅದರಿಂದಾಗುವ ಅನಾಹುತ ಶೇಕಡಾ 60ರಷ್ಟು ಇಳಿದವು. ಇದನ್ನು ಸಿಸ್ಟರ್‌ಗೆ ಹೇಳಿದರೆ ನಕ್ಕರು. ‘ಚೀಲ ಬರುವಾಗ ಬರಲಿ, ತಕ್ಕಡಿ ಇದೆ ಅಲ್ವಾ?’

ಹೇಳಿದ್ದು ನಿನ್ನೆ, ಮಗುವನ್ನು ತೋರಿಸಲು ಹೋದಾಗ. ಎಲ್ಲರೂ ಮೊದಲು ಮಗುವನ್ನು ಎತ್ತಿಕೊಳ್ಳುತ್ತಾರೆ. ಅವರು ಮೊದಲು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ‘ಇನ್ನೂ ಬಿಳಿಚಿಕೊಂಡಿದೆ. ಕಬ್ಬಿಣದ ಮಾತ್ರೆ ನುಂಗ್ತಾ ಇದ್ದೀಯಾ?’ ಎರಡು ದಿನ ಮರೆತೆ ಅಂತ ಒಪ್ಪಿಕೊಂಡೆ. ಜೋರಾಗಿ ಬೈದರು. ಈ ಸಲ ಬೈಯುವ ಸರದಿ ಅವರದು.