ವಾಸನೆಯ ಫೋಟೋ ಕೇಳಿದ ಕಂಪನಿಯವರಿಗೆ

ಇವರಿಗೆ,
ಗ್ರಾಹಕ ಸೇವೆಯ ಮುಖ್ಯಸ್ಥರು

ವಿಷಯ: ಸಾಂಬ್ರಾಣಿ ಅಂತ ನೀವು ಕಳಿಸಿದ ವಸ್ತು, ಮತ್ತು ನಿಮ್ಮವರು ಆಡಿದ ಮಾತು

ಸ್ವಾಮಿ,

ನಾಲ್ಕು ಸಲ ಫೋನ್ ಮಾಡಿದ್ದಾಯಿತು. ಅಳಿಯನ ಕೈಲಿ ಎರಡು ಮೇಲ್ ಹಾಕಿಸಿದ್ದಾಯಿತು. ಇನ್ನು ಈ ಕಾಗದ.

ಮೊಮ್ಮಗಳ ತೊಟ್ಟಿಲ ಶಾಸ್ತ್ರಕ್ಕೆ ನಿಮ್ಮಲ್ಲಿ 250 ಗ್ರಾಂ 'ಅಪ್ಪಟ ಗಟ್ಟಿ ಸಾಂಬ್ರಾಣಿ' ತರಿಸಿದೆ. 480 ರೂಪಾಯಿ. ದೇವರಾಜ ಮಾರ್ಕೆಟ್ ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಬಾಣಂತಿಯನ್ನು ಬಿಟ್ಟು ಹೋಗೋಕೆ ಆಗಲಿಲ್ಲ. ಮೈಸೂರಲ್ಲಿದ್ದುಕೊಂಡು ಕೊರಿಯರ್‌ನಲ್ಲಿ ಸಾಂಬ್ರಾಣಿ ತರಿಸಿದವಳು ಅಂತ ನಮ್ಮತ್ತೆ ಇನ್ನೂ ಆಡಿಕೊಳ್ಳುತ್ತಿದ್ದಾರೆ. ಅದಿರಲಿ, ಅದು ನಿಮ್ಮ ತಪ್ಪಲ್ಲ.

ಸುಮಾತ್ರಾ ಕಡೆಯ ಮರದ ಅಂಟು ಇದು, ಕೆಂಡಕ್ಕೆ ಬಿದ್ದರೆ ಬಿಳಿ ಹೊಗೆ, ವೆನಿಲ್ಲಾ ಥರ ಸಿಹಿ ಘಮ. ನಿಮಗೆ ಹೇಳಿಕೊಡಬೇಕಾಗಿಲ್ಲ, ಅಲ್ವಾ? ನಾನು ತೆಂಗಿನ ಚಿಪ್ಪಿನ ಕೆಂಡ ಮಾಡಿ ಒಂದು ಚಿಟಿಕೆ ಉದುರಿಸಿದೆ. ಚಟಪಟ ಅಂತು, ಕರಗಿ ಟಾರಿನ ಹಾಗೆ ಕುದಿಯಿತು, ಕರೀ ಹೊಗೆ ಬಂತು. ನಮ್ಮ ಯಜಮಾನರು ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು. ನಡುಮನೆಯಿಂದಲೇ "ಯಾರೇ ಅದು ಸೋಲ್ಡರಿಂಗ್ ಮಾಡ್ತಿರೋದು?" ಅಂದರು. ಬೆಸುಗೆಗೆ ಹಚ್ಚುವ ರಾಳದ ವಾಸನೆಯೇ ಅದು. ದೇವರ ಫೋಟೋ ಗಾಜಿನ ಮೇಲೆಲ್ಲಾ ಮಸಿ. ಮಗುವಿನ ಹತ್ತಿರ ಹೊಗೆ ಬೇಡ ಅಂತ ಡಾಕ್ಟರು ಮೊದಲೇ ಹೇಳಿದ್ದರು, ನಮ್ಮ ಪುಣ್ಯ.

ಮಾರನೇ ದಿನ ಫೋನ್ ಮಾಡಿದೆ. 22 ನಿಮಿಷ ವೀಣೆ ಕೇಳಿಸಿದಿರಿ. ಆಮೇಲೆ ಒಬ್ಬ ಹುಡುಗ ಬಂದ.

"ಪ್ರಾಡಕ್ಟ್ ಓಪನ್ ಮಾಡಿದ್ದೀರಾ ಮೇಡಂ?"

"ಓಪನ್ ಮಾಡದೆ ಹೇಗಪ್ಪಾ ಕೆಂಡಕ್ಕೆ ಹಾಕೋದು?"

"ಓಪನ್ ಮಾಡಿದ್ರೆ ರಿಟರ್ನ್ ಇಲ್ಲ."

ಕರೀ ಹೊಗೆ ಬರುತ್ತಿದೆ ಅಂದೆ. "ಸಾಂಬ್ರಾಣಿ ಅಂದ್ರೆ ಹೊಗೆ ಬರತ್ತೆ ಮೇಡಂ" ಅಂದ. ಅರವತ್ತೊಂದನೇ ವಯಸ್ಸಿಗೆ ಗೊತ್ತಾಯಿತು, ಉಪಕಾರ. ವಾಸನೆ ಸರಿಯಿಲ್ಲ ಅಂದೆ. "ಹಾಗಾದ್ರೆ ವಾಸನೆದು ಒಂದು ಫೋಟೋ ವಾಟ್ಸಾಪ್ ಮಾಡಿ." ತಮಾಷೆ ಅಂದುಕೊಂಡು ಸುಮ್ಮನಿದ್ದೆ. "ಕ್ಲಿಯರ್ ಆಗಿರಬೇಕು" ಅಂತ ಸೇರಿಸಿದ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಕೊನೆಗೆ, "ಮನೇಲಿ ಯಂಗ್ ಪರ್ಸನ್ ಇದ್ರೆ ಫೋನ್ ಕೊಡಿ, ಅವರಿಗೆ ಅರ್ಥ ಆಗತ್ತೆ."

ಫೋನು ಸ್ಪೀಕರಲ್ಲಿತ್ತು. ಎದುರಿಗೆ ಬೀಗಿತ್ತಿ ಕಾಫಿ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು ಗೋಡೆ ಕಡೆ ತಿರುಗಿಕೊಂಡರು. ನಮ್ಮನೆಯ ಯಂಗ್ ಪರ್ಸನ್‌ಗೆ ಅವತ್ತು ಹನ್ನೆರಡು ದಿನ. ಮಲಗಿತ್ತು, ಎಬ್ಬಿಸಲಿಲ್ಲ.

ಹಿಡಿಸದಿದ್ದರೆ 7 ದಿನದಲ್ಲಿ ಪೂರ್ತಿ ಹಣ ವಾಪಸ್ ಅಂತ ಡಬ್ಬಿಯ ಮೇಲೆ ಅಚ್ಚು ಹಾಕಿಸಿರುವವರು ನೀವೇ. 2020ರ ಇ-ಕಾಮರ್ಸ್ ನಿಯಮದಂತೆ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಅದೂ ನಿಮಗೆ ಗೊತ್ತಿರುತ್ತೆ. ಮೇಲ್ ಹಾಕಿ 35 ದಿನ ಆಯಿತು. ಅಂದಹಾಗೆ, ತಯಾರಿಸಿದ ತಿಂಗಳು, ವರ್ಷ ಇರಬೇಕಾದ ಜಾಗದಲ್ಲಿ ಒಂದು ಸ್ಟಿಕ್ಕರ್ ಇದೆ. ಕಿತ್ತರೆ ಅಡಿಯಲ್ಲಿ ಇನ್ನೊಂದು ಸ್ಟಿಕ್ಕರ್. ಎರಡನ್ನೂ ಜೋಪಾನವಾಗಿ ಇಟ್ಟಿದ್ದೇನೆ.

480 ರೂಪಾಯಿ ಕೊಡುತ್ತೀರೋ ಬಿಡುತ್ತೀರೋ, ನನಗೆ ಈಗ ಅದಲ್ಲ ಮುಖ್ಯ. ಬರುವ ಸೋಮವಾರದವರೆಗೆ ನೋಡುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು, ಅದಾದ ಮೇಲೆ ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷದೊಳಗಿನ ಸಾಮಾನಿನ ದೂರಿಗೆ ಶುಲ್ಕವೂ ಇಲ್ಲ. ಡಬ್ಬಿಯಲ್ಲಿ ಆ ಒಂದು ಚಿಟಿಕೆ ಬಿಟ್ಟು ಎಲ್ಲಾ ಹಾಗೇ ಉಳಿದಿದೆ. ಧೂಪಾರತಿ ಸಮೇತ ತಗೊಂಡು ಬರುತ್ತೇನೆ. ವಾಸನೆಯ ಫೋಟೋ ನಿಮ್ಮ ವಕೀಲರೇ ತೆಗೆದುಕೊಳ್ಳಲಿ.

ಇಂತಿ,
ನಿಮ್ಮ ಗ್ರಾಹಕಿ
ಸರಸ್ವತಿಪುರಂ, ಮೈಸೂರು