ಎಐ ಹಿಡಿಯುವ ತಂತ್ರಾಂಶ ಬೇಡ, ಆರು ನಿಮಿಷದ ವೈವಾ ಇರಲಿ

ಮಾನ್ಯ ಸಂಪಾದಕರೇ,

ಚಾಟ್‌ಜಿಪಿಟಿಯಂಥ ಎಐಗಳಿಂದ ಬರೆಸಿ ತಂದ ಅಸೈನ್‌ಮೆಂಟುಗಳನ್ನು ಪತ್ತೆಹಚ್ಚಲು ತಂತ್ರಾಂಶ ಕೊಳ್ಳಬೇಕೆಂಬ ಮಾತು ಕಾಲೇಜುಗಳ ಸ್ಟಾಫ್‌ರೂಮುಗಳಲ್ಲಿ ಆಗಾಗ ಏಳುತ್ತದೆ. ದುಡ್ಡು ಕಟ್ಟುವ ಮೊದಲು ಒಂದು ಸಣ್ಣ ಲೆಕ್ಕ ಹಾಕಿಬಿಡುವುದು ಒಳ್ಳೆಯದು. ಸಾವಿರ ವಿದ್ಯಾರ್ಥಿಗಳ ಕಾಲೇಜು, ತಲೆಗೆ ಐದು ವಿಷಯ, ವಿಷಯಕ್ಕೆ ಎರಡು ಅಸೈನ್‌ಮೆಂಟ್ ಎಂದರೆ ಸೆಮಿಸ್ಟರಿಗೆ ಹತ್ತು ಸಾವಿರ. ನೂರರಲ್ಲಿ ಒಂದೇ ತಪ್ಪು ಎನ್ನುವ ಮಾರಾಟಗಾರರ ಮಾತನ್ನೇ ನಂಬೋಣ. ಎಲ್ಲರೂ ಸ್ವಂತ ಬುದ್ಧಿಯಿಂದಲೇ ಬರೆದಿದ್ದರೂ ನೂರು ಅಸೈನ್‌ಮೆಂಟುಗಳ ಮೇಲೆ ಕಳ್ಳತನದ ಮುದ್ರೆ ಬೀಳುತ್ತದೆ.

ನೂರಕ್ಕೆ ಒಂದು ಎಂಬುದೂ ಉದಾರವಾದ ಲೆಕ್ಕವೇ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ರಂದು. ಎರಡು ತಿಂಗಳಲ್ಲೇ ಓಪನ್‌ಎಐ ಕಂಪನಿ ತನ್ನದೇ ಪತ್ತೆ ಸಾಧನವನ್ನೂ ಬಿಟ್ಟಿತು. ಕಂಪನಿಯೇ ಒಪ್ಪಿಕೊಂಡಂತೆ, ಎಐ ಬರಹಗಳಲ್ಲಿ ಅದು ಸರಿಯಾಗಿ ಹಿಡಿದದ್ದು ಶೇ 26 ಮಾತ್ರ. ಮನುಷ್ಯರು ಬರೆದದ್ದನ್ನು ಎಐ ಎಂದದ್ದು ಶೇ 9. ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಅದನ್ನು ಹಿಂತೆಗೆದುಕೊಂಡರು. ಹೆತ್ತವಳಿಗೇ ಗುರುತು ಸಿಗದ ಕೂಸನ್ನು ನೆರೆಮನೆಯವರು ಗುರುತಿಸಿಕೊಡುತ್ತೇವೆ ಎನ್ನುತ್ತಿದ್ದಾರೆ.

ನಮ್ಮ ಮಕ್ಕಳಿಗೆ ಇನ್ನೂ ಹತ್ತಿರದ ಸಂಗತಿಯೊಂದಿದೆ. ಇಂಗ್ಲಿಷ್ ಮನೆಮಾತಲ್ಲದವರು, ಇಂಗ್ಲಿಷ್ ಎಷ್ಟು ಬರುತ್ತದೆಂದು ಅಳೆಯುವ ಟೋಫೆಲ್ ಪರೀಕ್ಷೆಗೆಂದು ಬರೆದ 91 ಪ್ರಬಂಧಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಏಳು ಪತ್ತೆ ಸಾಧನಗಳಿಗೆ ಕೊಟ್ಟರು. ಸರಾಸರಿ ಶೇ 61ರಷ್ಟು ಪ್ರಬಂಧಗಳು 'ಎಐ ಬರೆದದ್ದು' ಎನಿಸಿಕೊಂಡವು. ಕಾರಣ ಸರಳ. ಒಂದು ಪದದ ಮುಂದೆ ಯಾವ ಪದ ಬರಬಹುದೆಂದು ಊಹಿಸುವುದು ಎಷ್ಟು ಸುಲಭ ಎಂಬುದನ್ನೇ ಇಂಥ ಸಾಧನಗಳು ಬಹುಮಟ್ಟಿಗೆ ಅಳೆಯುತ್ತವೆ. ಸುಲಭವಾದರೆ ಯಂತ್ರದ್ದು, ಅನಿರೀಕ್ಷಿತವಾದರೆ ಮನುಷ್ಯನದ್ದು. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗಿಗೆ ಬಂದ ಹುಡುಗಿ ತಪ್ಪಾದೀತೆಂಬ ಅಂಜಿಕೆಯಿಂದ ಚಿಕ್ಕ ಚಿಕ್ಕ, ಪಳಗಿದ ವಾಕ್ಯಗಳನ್ನೇ ಬರೆಯುತ್ತಾಳೆ. ಸಿಕ್ಕಿಬೀಳುವವಳು ಅವಳೇ. ಎಐಯಿಂದಲೇ ಬರೆಸಿ, ಇನ್ನೊಂದು ಆ್ಯಪಿನಲ್ಲಿ ಮಾತು ತಿರುಗಿಸಿಕೊಂಡವನು ಪಾರಾಗುತ್ತಾನೆ.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ಕೃತಿಚೌರ್ಯ ನಿಯಮಾವಳಿಯನ್ನು ಇದಕ್ಕೆ ಎಳೆದು ತರುವವರೂ ಇದ್ದಾರೆ. ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ ಎನ್ನುವ ಆ ನಿಯಮ ಚಾಟ್‌ಜಿಪಿಟಿಗಿಂತ ನಾಲ್ಕು ವರ್ಷ ಹಳೆಯದು, ಅದು ಅಳೆಯುವುದೂ ಬೇರೆ. ಹೋಲಿಕೆಯ ವರದಿಯಲ್ಲಿ ಮೂಲ ಬರಹ ಯಾವುದೆಂದು ಕೊಟ್ಟಿರುತ್ತದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಎಐ ಶೇಕಡಾವಾರಿಗೆ ಮೂಲವೇ ಇಲ್ಲ, ಇರುವುದು ಒಂದು ಅಂಕಿ ಮಾತ್ರ. ಹರಿಯಾಣದ ಖಾಸಗಿ ವಿಶ್ವವಿದ್ಯಾಲಯವೊಂದು ಶೇ 88 ಎಐ ಎಂಬ ವರದಿ ಹಿಡಿದು ಕಾನೂನು ವಿದ್ಯಾರ್ಥಿಯೊಬ್ಬರನ್ನು ಫೇಲು ಮಾಡಿತು. 2024ರಲ್ಲಿ ಅವರು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿಗೆ ಹೋದರು. ವಿಶ್ವವಿದ್ಯಾಲಯವೇ ಪಾಸು ಮಾಡಿ ಪ್ರಕರಣ ಮುಗಿಸಬೇಕಾಯಿತು.

'ಕೈಬರಹದಲ್ಲೇ ತನ್ನಿ' ಎನ್ನುವ ಉಪಾಯವೂ ಚಾಲ್ತಿಯಲ್ಲಿದೆ. ಮೊಬೈಲ್ ಎದುರಿಗಿಟ್ಟುಕೊಂಡು ನೀಲಿ ಪೆನ್ನಿನಲ್ಲಿ ಎ4 ಹಾಳೆಗೆ ಇಳಿಸುವುದು ಎಷ್ಟು ಹೊತ್ತಿನ ಕೆಲಸ? ಕಲಿಕೆ ಆಗದಿದ್ದರೂ ಕೈನೋವು ಖಂಡಿತ.

ಅಂಕ ಎಲ್ಲಿ ಸೋರುತ್ತಿದೆ ಎಂದು ನೋಡಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮನ್ನೇ ತೆಗೆದುಕೊಳ್ಳಿ. ಥಿಯರಿ ವಿಷಯಗಳಲ್ಲಿ ಕಾಲೇಜೇ ಕೊಡುವ ಆಂತರಿಕ ಅಂಕ, ಅಂದರೆ ಇಂಟರ್ನಲ್ಸ್‌ಗೆ 50, ಸೆಮಿಸ್ಟರ್ ಪರೀಕ್ಷೆಗೆ 50. ಇಂಟರ್ನಲ್ಸ್‌ನ 50ರಲ್ಲಿ ಟೆಸ್ಟಿಗೆ 25, ಅಸೈನ್‌ಮೆಂಟಿಗೆ 25. ಪರೀಕ್ಷೆಗೆ ಕೂರಲು ಇಂಟರ್ನಲ್ಸ್‌ನಲ್ಲಿ 20 ಬಂದರೆ ಸಾಕು. ಮನೆಯಲ್ಲಿ ಎಐ ಬರೆದುಕೊಟ್ಟ ಅಸೈನ್‌ಮೆಂಟಿಗೆ 22 ಹಾಕಿದರೆ, ಟೆಸ್ಟಿನ ಉತ್ತರ ಪುಸ್ತಿಕೆ (ಬ್ಲೂಬುಕ್) ಖಾಲಿ ಇದ್ದರೂ ವಿದ್ಯಾರ್ಥಿ ಅರ್ಹ. ತೂತು ಇರುವುದು ಇಲ್ಲಿ.

ಮುಚ್ಚುವ ದಾರಿ ಹಳೆಯದೇ. ಅಸೈನ್‌ಮೆಂಟಿನ ಆ 25ರಲ್ಲಿ ಬರಹಕ್ಕೆ 10 ಇಟ್ಟು, 15ನ್ನು ಆ ಬರಹದ ಮೇಲಿನ ವೈವಾಕ್ಕೆ, ಅಂದರೆ ಮೌಖಿಕ ಪರೀಕ್ಷೆಗೆ ಕೊಡುವುದು. ಅರವತ್ತು ಜನರ ಸೆಕ್ಷನ್, ಇಪ್ಪತ್ತರ ಮೂರು ಲ್ಯಾಬ್ ಬ್ಯಾಚ್, ಬ್ಯಾಚಿಗೆ ಎರಡು ಗಂಟೆ ಎಂದರೆ ತಲಾ ಆರು ನಿಮಿಷ. ಒಂದು ವಾರದ ಲ್ಯಾಬ್ ಅವಧಿಯಲ್ಲಿ ಒಂದು ವಿಷಯ ಮುಗಿಯುತ್ತದೆ. ಎರಡೆರಡು ಅಸೈನ್‌ಮೆಂಟ್ ಇದ್ದರೆ ಸಮಯ ಸಾಲದು, ನಿಜ. ಆದರೆ ಪ್ರಾಜೆಕ್ಟ್ ಮಾದರಿಯದಾದರೆ ಒಂದೇ ಸಾಕು ಎಂದು ಅದೇ ಸ್ಕೀಮ್ ಹೇಳುತ್ತದೆ. ಹೊಸ ನಿಯಮಕ್ಕಾಗಿ ಕಾಯಬೇಕಾಗಿಲ್ಲ.

ಆರು ನಿಮಿಷದಲ್ಲಿ ಏನು ತಿಳಿಯುತ್ತದೆ ಎಂಬ ಅನುಮಾನ ಸಹಜ. ಬೈನರಿ ಸರ್ಚ್ ಪ್ರೋಗ್ರಾಮ್ (ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಅರ್ಧರ್ಧ ಮಾಡುತ್ತಾ ಹುಡುಕುವುದು) ಬರೆದು ತಂದವರಿಗೆ ಒಂದೇ ಪ್ರಶ್ನೆ ಸಾಕು: ಹುಡುಕುವ ಭಾಗದ ಮೊದಲ ಸ್ಥಾನ ಲೋ, ಕೊನೆಯದು ಹೈ; ಮತ್ತೆ ಮತ್ತೆ ನಡೆಯುವ ಲೂಪಿನ ಷರತ್ತಿನಲ್ಲಿ 'ಲೋ ಎಂಬುದು ಹೈಗಿಂತ ಕಡಿಮೆ ಅಥವಾ ಸಮ' ಎಂದಿದೆ; 'ಸಮ' ತೆಗೆದರೆ ಯಾವ ಇನ್‌ಪುಟ್‌ಗೆ ಉತ್ತರ ತಪ್ಪುತ್ತದೆ? ಪಟ್ಟಿಯಲ್ಲಿ 7 ಒಂದೇ ಇದ್ದು 7ನ್ನೇ ಹುಡುಕಿದರೆ ಲೋ, ಹೈ ಎರಡೂ ಸೊನ್ನೆ (ಸ್ಥಾನಗಳ ಎಣಿಕೆ ಸೊನ್ನೆಯಿಂದ ಶುರು). ಲೂಪ್ ಒಮ್ಮೆಯೂ ಓಡದೆ 'ಸಿಗಲಿಲ್ಲ' ಎನ್ನುತ್ತದೆ. ತಿಳಿದವರು ಅರ್ಧ ನಿಮಿಷದಲ್ಲಿ ಹೇಳುತ್ತಾರೆ. ಎಐಯನ್ನು ಕೇಳಿ ಕೇಳಿಯೇ ಕಲಿತವರೂ ಹೇಳುತ್ತಾರೆ, ಅವರಿಗೆ ಪೂರ್ತಿ ಅಂಕ ಕೊಡಲು ಅಡ್ಡಿಯೇನಿಲ್ಲ. ಯಾರು ಬರೆದರು ಎಂಬ ಪತ್ತೇದಾರಿಕೆಯಿಂದ ಮೇಷ್ಟರಿಗೆ ಬಿಡುಗಡೆ.

ವೈವಾ ಕೆಡುವ ಜಾಗಗಳೂ ಇವೆ. ಮೇಷ್ಟರಿಗೆ ಬೇಕಾದವರಿಗೆ ಸುಲಭದ ಪ್ರಶ್ನೆ ಹೋಗುತ್ತದೆ. ಅದಕ್ಕೆ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟು ವಿದ್ಯಾರ್ಥಿಯ ಕೈಯಲ್ಲೇ ಎತ್ತಿಸಬೇಕು, ಅಂಕವನ್ನು ಅವರೆದುರೇ ಬರೆಯಬೇಕು. ಇಂಗ್ಲಿಷಿನಲ್ಲಿ ತಡವರಿಸುವವರು ಕನ್ನಡದಲ್ಲಿ ಉತ್ತರಿಸಬಹುದೆಂದು ಮೊದಲೇ ಹೇಳಿರಬೇಕು. ಇಲ್ಲವಾದರೆ ಪತ್ತೆ ಸಾಧನ ಮಾಡಿದ ಅನ್ಯಾಯವನ್ನೇ ನಾವೂ ಮಾಡಿದಂತೆ.

ಬಿಎ ಕನ್ನಡದ ಅಸೈನ್‌ಮೆಂಟಿನಲ್ಲಿ ಎಐಯನ್ನೇ ಪಠ್ಯವಾಗಿಸಬಹುದು. ಮಳೆಯ ಬಗ್ಗೆ ಬಸವಣ್ಣನವರ ವಚನ ಕೊಡು ಎಂದರೆ ಇಲ್ಲದ ವಚನವನ್ನೂ ಹೊಸೆದು ಕೊನೆಗೆ 'ಕೂಡಲಸಂಗಮದೇವಾ' ಎಂದು ಸೇರಿಸಿ ಕೊಡುವುದುಂಟು. ಅಂತರಜಾಲದಲ್ಲಿ ಹುಡುಕದೆ ಉತ್ತರಿಸುವಾಗ ಅದು ಪುಸ್ತಕ ತೆಗೆದು ನೋಡುವುದಿಲ್ಲ, ಮುಂದಿನ ತುಣುಕನ್ನು ಊಹಿಸುತ್ತಾ ಹೋಗುತ್ತದೆ. ವಚನ ವಚನಕ್ಕೂ ಬರುವ ಅಂಕಿತ ಅದಕ್ಕೆ ಬಲುಬೇಗ ಬಾಯಿಪಾಠವಾಗುತ್ತದೆ, ಒಳಗಿನ ಮಾತು ಆಗುವುದಿಲ್ಲ. ವಿದ್ಯಾರ್ಥಿಗೆ ಇಂಥ ಮೂರು 'ವಚನ' ಕೊಡಿ. ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟದಲ್ಲೋ 'ವಚನ ಸಂಚಯ' ಜಾಲತಾಣದಲ್ಲೋ ಹುಡುಕಲಿ. ಸಿಕ್ಕರೆ ಸಂಪುಟ, ವಚನದ ಸಂಖ್ಯೆ ಬರೆಯಲಿ. ಸಿಗದಿದ್ದರೆ ಹನ್ನೆರಡನೇ ಶತಮಾನಕ್ಕೆ ಒಗ್ಗದ ಪದ ಯಾವುದೆಂದು ಗುರುತು ಹಾಕಲಿ. ಚಾಟ್‌ಜಿಪಿಟಿ ಬಳಸಿಯೂ ಕಲಿಯಲೇಬೇಕಾದ ಕೆಲಸ ಇದು.

ಬಳಕೆ ಮುಚ್ಚಿಡುವ ಚಾಳಿ ತಪ್ಪಿಸಲು ಅಸೈನ್‌ಮೆಂಟಿನ ಕೊನೆಯಲ್ಲಿ ಅರ್ಧ ಪುಟದ ಹೇಳಿಕೆ ಇರಲಿ: ಯಾವ ಎಐ, ಏನು ಕೇಳಿದೆ, ಏನು ಉಳಿಸಿಕೊಂಡೆ, ಏನನ್ನು ಯಾಕೆ ಬಿಟ್ಟೆ. ಹೇಳಿಕೊಂಡವರ ಅಂಕ ಒಮ್ಮೆ ಕತ್ತರಿಸಿದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ. ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯ 2025ರಿಂದ ಮೌಲ್ಯಮಾಪನವನ್ನೇ ಎರಡು ಪಾಲು ಮಾಡಿದೆ. ಎದುರಿಗೆ ಕೂರಿಸಿ ನಡೆಸುವ ಪರೀಕ್ಷೆ ಒಂದು ಕಡೆ, ಎಐ ಬಳಸುತ್ತಾರೆಂದು ಒಪ್ಪಿಕೊಂಡೇ ಕೊಡುವ ಕೆಲಸ ಇನ್ನೊಂದು ಕಡೆ. ಮನೆಗೆ ಕೊಟ್ಟು 'ಬಳಸಬೇಡಿ' ಎನ್ನುವ ಮಧ್ಯದ ನಾಟಕ ಅಲ್ಲಿಲ್ಲ.

ಅಧ್ಯಾಪಕರ ಕಡೆಗೂ ಒಂದು ಮಾತು. ಉತ್ತರ ಪತ್ರಿಕೆಯ ಫೋಟೊ ತೆಗೆದು ಉಚಿತ ಚಾಟ್‌ಬಾಟ್‌ಗೆ ಹಾಕಿ ಅಂಕ ಕೇಳುವುದು ಬೇಡ. ಹೆಸರು, ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) ಹೊರಗೆ ಹೋಗುತ್ತವೆ. ಅದೇ ಪತ್ರಿಕೆಯನ್ನು ಇನ್ನೊಮ್ಮೆ ಹಾಕಿದರೆ ಬೇರೆಯೇ ಅಂಕ ಬರಬಹುದು, ಏಕೆಂದರೆ ಉತ್ತರ ಕಟ್ಟುವಾಗ ಅದು ಪದಗಳನ್ನು ಸ್ವಲ್ಪ ಅದೃಷ್ಟಕ್ಕೆ ಬಿಟ್ಟೇ ಆರಿಸುತ್ತದೆ. ಮರುಮೌಲ್ಯಮಾಪನ ಕೇಳಿದ ಹುಡುಗನಿಗೆ ಏನು ಸಮಜಾಯಿಷಿ ಕೊಡುವುದು?

ಇಷ್ಟಕ್ಕೂ ಸಮಯ ಬೇಕು. ಮೂರು ಸೆಕ್ಷನ್ ಇರುವ ಅಧ್ಯಾಪಕರಿಗೆ ವೈವಾ ಎಂದರೆ ಹದಿನೆಂಟು ಗಂಟೆ. ಗಂಟೆ ಲೆಕ್ಕದಲ್ಲೇ ಬದುಕುವ ಅತಿಥಿ ಉಪನ್ಯಾಸಕರು ಪುಕ್ಕಟೆ ಮಾಡಲಿ ಎಂದರೆ ಕಾಗದದ ಮೇಲೆ ಮಾತ್ರ ವೈವಾ ನಡೆದೀತು. ಆ ಹದಿನೆಂಟು ಗಂಟೆಗಳನ್ನು ವರ್ಕ್‌ಲೋಡಿಗೆ ಸೇರಿಸುವ ಒಂದು ಸುತ್ತೋಲೆಯನ್ನು ವಿಶ್ವವಿದ್ಯಾಲಯಗಳು ಸೆಮಿಸ್ಟರ್ ಆರಂಭಕ್ಕೆ ಮೊದಲೇ ಹೊರಡಿಸಲಿ. ತಂತ್ರಾಂಶದ ಚಂದಾಕ್ಕೆಂದು ತೆಗೆದಿಟ್ಟ ಹಣವಿದ್ದರೆ ಅದನ್ನು ಇದಕ್ಕೇ ಕೊಡಬಹುದು.

– ಕೆಲವು ಕಾಲೇಜು ಅಧ್ಯಾಪಕರು, ಮೈಸೂರು